ಎಲ್ಲರದೂ ಒಂದೇ ಮಾತಾದರೆ ಮತ ಯಾರಿಗೆ?

ಪ್ರಶ್ನೆ: ನಮ್ಮೂರು ದಾವಣಗೆರೆ, ಈಗ ಇರುವುದು ನ್ಯೂಜೆರ್ಸಿಯ ಎಡಿಸನ್ನಿನಲ್ಲಿ. ಕಳೆದ ವರ್ಷ ಅಮೆರಿಕದ ಪೌರತ್ವ ಸಿಕ್ಕಿತು. ಇಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಚುನಾವಣೆಯಲ್ಲಿ ಇದೇ ನನ್ನ ಮೊದಲ ಮತ. ಮನೆಗೆ ಬರುವ ಕರಪತ್ರಗಳಲ್ಲೆಲ್ಲ ಒಂದೇ ರಾಗ: ಜೀವನವೆಚ್ಚ ಇಳಿಸುತ್ತೇವೆ, ಸರ್ಕಾರಕ್ಕೆ ಲೆಕ್ಕ ಕೇಳುತ್ತೇವೆ, ಬೇಡದ ಯುದ್ಧಕ್ಕೆ ಹೋಗುವುದಿಲ್ಲ, ಭಾರತ ನಮ್ಮ ಮಿತ್ರ. ಇವರಲ್ಲಿ ಯಾರು ಹೇಗೆ ಎಂದು ತಿಳಿಯುವುದು ಹೇಗೆ? ಇನ್ನೊಂದು ಮಾತು: ಎಚ್‌-1ಬಿ ವೀಸಾದಲ್ಲಿರುವ ನನ್ನ ತಮ್ಮ ಒಬ್ಬ ಅಭ್ಯರ್ಥಿಗೆ ನೂರು ಡಾಲರ್ ಕಳಿಸಬೇಕೆಂದಿದ್ದಾನೆ. ಕಳಿಸಬಹುದೇ?

ಉತ್ತರ: ಎರಡನೆಯದಕ್ಕೆ ಮೊದಲು: ಕಳಿಸುವಂತಿಲ್ಲ. ಇವತ್ತೇ ಹೇಳಿ ತಡೆಯಿರಿ. ಕಾರಣವನ್ನು ಕೊನೆಯಲ್ಲಿ ಬರೆಯುತ್ತೇನೆ.

ಮೊದಲ ಪ್ರಶ್ನೆಗೆ ಬರೋಣ. ಭಾರತದ ಚುನಾವಣೆ ನೋಡಿ ಬೆಳೆದವರು ಇಲ್ಲಿ ಒಂದು ಅಭ್ಯಾಸ ಬಿಡಬೇಕಾಗುತ್ತದೆ. ನಮ್ಮಲ್ಲಿ 1985ರಿಂದ ಪಕ್ಷಾಂತರ ನಿಷೇಧ ಕಾಯ್ದೆ ಇದೆ. ವಿಪ್ ಉಲ್ಲಂಘಿಸಿದರೆ ಸಂಸದನ ಸ್ಥಾನಕ್ಕೇ ಕುತ್ತು. ಹಾಗಾಗಿ ಪಕ್ಷ ಯಾವುದೆಂದು ಗೊತ್ತಾದರೆ ಮತ ಯಾವ ಕಡೆ ಎಂದೂ ಗೊತ್ತಾದಂತೆ. ಅಮೆರಿಕದಲ್ಲಿ ಅಂಥ ಕಾಯ್ದೆ ಇಲ್ಲ. ಕೆಳಮನೆಯ 435 ಸದಸ್ಯರಲ್ಲಿ ಯಾರು ಬೇಕಾದರೂ ಸ್ವಂತ ಪಕ್ಷದ ವಿರುದ್ಧ ಮತ ಹಾಕಿ ಮರುದಿನ ಅದೇ ಕುರ್ಚಿಯಲ್ಲಿ ಕೂರಬಹುದು. ಪಕ್ಷದ ನಾಯಕರು ಮುನಿಸಿಕೊಳ್ಳುತ್ತಾರೆ, ಮುಂದಿನ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆಯಲ್ಲಿ, ಎದುರಾಳಿಯನ್ನು ನಿಲ್ಲಿಸುತ್ತಾರೆ, ಆದರೆ ಸ್ಥಾನ ಕಿತ್ತುಕೊಳ್ಳಲಾರರು. ಆದ್ದರಿಂದ ಪ್ರತಿ ಮತವೂ ಆ ವ್ಯಕ್ತಿಯದೇ. ‘ಪಕ್ಷ ಹೇಳಿತು, ಹಾಕಿದೆ’ ಎಂಬ ಸಬೂಬು ಇಲ್ಲಿ ನಡೆಯಬಾರದು.

ಕರಪತ್ರ ಓದುವಾಗ ನಾಮಪದ ಬಿಟ್ಟು ಕ್ರಿಯಾಪದ ನೋಡಿ. ‘ಹೋರಾಡುತ್ತೇನೆ’, ‘ದನಿಯಾಗುತ್ತೇನೆ’, ‘ಜೊತೆಗಿರುತ್ತೇನೆ’ ಎಂಬುವಕ್ಕೆ ಲೆಕ್ಕ ಇಡಲಾಗದು. ಸದಸ್ಯರ ಕೈಯಲ್ಲಿ ನಿಜಕ್ಕೂ ಇರುವ ಕೆಲಸಗಳು ಬೆರಳೆಣಿಕೆಯವು: ಮಸೂದೆ ಮಂಡಿಸುವುದು, ಇನ್ನೊಬ್ಬರ ಮಸೂದೆಗೆ ಸಹಿ ಹಾಕುವುದು, ಸಮಿತಿಯಲ್ಲಿ ತಿದ್ದುಪಡಿ ತರುವುದು, ಅಧಿಕಾರಿಗಳನ್ನು ಪ್ರಶ್ನಿಸುವುದು, ಮತ ಹಾಕುವುದು, ಬಹುಮತ ತೆಳುವಾಗಿದ್ದಾಗ ಮತ ಕೊಡದೆ ಸತಾಯಿಸುವುದು. ಪ್ರತಿ ಭರವಸೆಯ ಪಕ್ಕದಲ್ಲೂ ‘ಇವುಗಳಲ್ಲಿ ಯಾವುದರಿಂದ?’ ಎಂದು ಬರೆದು ನೋಡಿ. ಅರ್ಧ ಕರಪತ್ರ ಅಲ್ಲೇ ಉದುರುತ್ತದೆ.

ಜೀವನವೆಚ್ಚ, ಸರ್ಕಾರದ ಮೇಲಿನ ನಿಗಾ, ವಿದೇಶಾಂಗ ನೀತಿ ಎಂಬ ಮೂರೂ ವಿಷಯಗಳನ್ನು ಒಂದೇ ಏಟಿಗೆ ಪರೀಕ್ಷಿಸಬಲ್ಲ ಮತವೊಂದಿದೆ. ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 2025ರ ಫೆಬ್ರುವರಿ 1ರಂದು ಅಧ್ಯಕ್ಷ ಟ್ರಂಪ್ ತುರ್ತುಸ್ಥಿತಿಯ ಅಧಿಕಾರ ಬಳಸಿ ಕೆನಡಾ, ಮೆಕ್ಸಿಕೊ, ಚೀನಾದ ಸರಕುಗಳ ಮೇಲೆ ಸುಂಕ ಘೋಷಿಸಿದರು. ಸುಂಕ ವಿಧಿಸುವ ಅಧಿಕಾರವನ್ನು ಸಂವಿಧಾನ ಕೊಟ್ಟಿರುವುದು ಕಾಂಗ್ರೆಸ್ಸಿಗೆ. ಅಧ್ಯಕ್ಷರು ಘೋಷಿಸಿದ ತುರ್ತುಸ್ಥಿತಿಯನ್ನು ರದ್ದು ಮಾಡುವ ದಾರಿಯೂ ಕಾಯ್ದೆಯಲ್ಲೇ ಇದೆ. ಯಾವ ಸದಸ್ಯರಾದರೂ ರದ್ದತಿ ನಿರ್ಣಯ ತಂದರೆ ಸಮಿತಿ 15 ದಿನದೊಳಗೆ ಅದನ್ನು ಸದನಕ್ಕೆ ಕಳಿಸಬೇಕು, ಸದನ 3 ದಿನದೊಳಗೆ ಮತಕ್ಕೆ ಹಾಕಬೇಕು. ನಾಯಕರು ಅದನ್ನು ಕಡತದಡಿ ಹುಗಿದಿಡುವಂತಿಲ್ಲ.

ಮತಕ್ಕೆ ಬಂದರೆ ಎಲ್ಲರಿಗೂ ಇಕ್ಕಟ್ಟು. ಸುಂಕದ ಪರ ಎಂದರೆ ಕ್ಷೇತ್ರದಲ್ಲಿ ಬೈಗುಳ, ವಿರುದ್ಧ ಎಂದರೆ ಅಧ್ಯಕ್ಷರ ಸಿಟ್ಟು. ಹಾಗಾಗಿ ಮಾರ್ಚ್ 11ರಂದು ಸರ್ಕಾರದ ಖರ್ಚಿನ ಮಸೂದೆಯ ಚರ್ಚೆಗೆ ಬೇಕಾದ ಕಾರ್ಯಕಲಾಪದ ನಿರ್ಣಯವೊಂದರಲ್ಲಿ ಒಂದು ಸಾಲು ಸೇರಿಸಲಾಯಿತು. ಆ ತುರ್ತುಸ್ಥಿತಿಯ ಮಟ್ಟಿಗೆ, ಅಧಿವೇಶನದ ಉಳಿದ ಯಾವ ದಿನವನ್ನೂ ದಿನವೆಂದು ಎಣಿಸತಕ್ಕದ್ದಲ್ಲ. ಹೌದು, ಸರಿಯಾಗೇ ಓದಿದ್ದೀರಿ. ಕ್ಯಾಲೆಂಡರ್ ನಿಂತಿತು, 15 ದಿನ ಮುಗಿಯಲೇ ಇಲ್ಲ. ನಿರ್ಣಯ 216-214ರಲ್ಲಿ ಪಾಸಾಯಿತು. ನಮ್ಮ ಪಂಚಾಂಗದಲ್ಲಿ ಶೂನ್ಯಮಾಸವಾದರೂ ಒಂದು ತಿಂಗಳಿಗೆ ಮುಗಿಯುತ್ತದೆ.

ಆ ಒಂದು ಸಾಲಿನಲ್ಲಿ ಬೆಲೆಯಿದೆ, ಏಕೆಂದರೆ ಸುಂಕ ಅಂಗಡಿಯ ಚೀಟಿಗೆ ಬಂದು ಸೇರುತ್ತದೆ. ಅಧ್ಯಕ್ಷರ ಮೇಲಿನ ಹಿಡಿತವಿದೆ. ವಿದೇಶ ವ್ಯವಹಾರವೂ ಇದೆ. ಆದರೆ ಕಡತದಲ್ಲಿ ಅದರ ಹೆಸರು ‘ಸುಂಕದ ಮತ’ ಎಂದಿಲ್ಲ, ಬರೀ ಕಾರ್ಯಕಲಾಪದ ನಿಯಮ. ಹಾಲಿ ಸದಸ್ಯರು ಸಭೆಯಲ್ಲಿ ‘ಸುಂಕದ ಪರ ನಾನು ಮತವನ್ನೇ ಹಾಕಿಲ್ಲ’ ಎಂದರೆ 2025ರ ಮಟ್ಟಿಗೆ, ಬರೀ ಮಾತಿನಲ್ಲಿ, ಅದು ನಿಜವಿರಬಹುದು. ಕೇಳಬೇಕಾದ್ದು: ‘ಮತಕ್ಕೆ ಬರದಂತೆ ತಡೆದ ನಿಯಮಕ್ಕೆ ಏನು ಹಾಕಿದಿರಿ?’ ಸದನದ ಕ್ಲರ್ಕ್ ಕಚೇರಿಯ ಜಾಲತಾಣದಲ್ಲಿ ದಿನಾಂಕ ಕೊಟ್ಟು ಹುಡುಕಿದರೆ ಹೆಸರುವಾರು ಪಟ್ಟಿ ಸಿಗುತ್ತದೆ. ಹೊಸ ಅಭ್ಯರ್ಥಿಗೆ ಹೀಗೆ ಕೇಳಿ: ‘ನಿಮ್ಮದೇ ಪಕ್ಷದ ಅಧ್ಯಕ್ಷರಿದ್ದಾಗ ನಾಯಕರು ಇಂಥ ನಿಯಮ ತಂದರೆ ಬೇಡ ಎನ್ನುವಿರಾ?’

ಇನ್ನು ಜೀವನವೆಚ್ಚವನ್ನೇ ಬಿಡಿಸಿ ನೋಡೋಣ. ಇಲ್ಲಿ ಹೆಚ್ಚು ಮೋಸ ಹೋಗುವುದು ಗುಣಾಕಾರ ಮಾಡದೆ. ಪೆಟ್ರೋಲ್ ಮೇಲಿನ ಕೇಂದ್ರ ತೆರಿಗೆ ಗ್ಯಾಲನ್ನಿಗೆ 18.4 ಸೆಂಟ್, 1993ರಿಂದ ಬದಲಾಗಿಲ್ಲ. ಅದನ್ನು ಪೂರ್ತಿ ಮನ್ನಾ ಮಾಡಿ, ಲಾಭವೆಲ್ಲ ನಿಮಗೇ ಬಂತು ಎಂದುಕೊಂಡರೂ 15 ಗ್ಯಾಲನ್ ಟ್ಯಾಂಕಿಗೆ ಉಳಿಯುವುದು 2 ಡಾಲರ್ 76 ಸೆಂಟ್. ಬಡ್ಡಿದರ ಇಲ್ಲಿನ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಕೈಯಲ್ಲಿದೆ, ಎಲ್ಲಿ ಎಷ್ಟು ಮಹಡಿ ಕಟ್ಟಬಹುದೆಂಬುದು ನಿಮ್ಮ ಟೌನ್‌ಶಿಪ್ಪಿನ ಕೈಯಲ್ಲಿ. ಕೇಂದ್ರ ಕನಿಷ್ಠ ವೇತನ 2009ರಿಂದ ಗಂಟೆಗೆ 7.25 ಡಾಲರಿನಲ್ಲೇ ನಿಂತಿದೆ. ‘15ಕ್ಕೆ ಏರಿಸುತ್ತೇನೆ’ ಎನ್ನುವುದು ದೇಶಕ್ಕೆ ಒಳ್ಳೆಯದಿರಬಹುದು, ಆದರೆ ನ್ಯೂಜೆರ್ಸಿಯ ಸ್ವಂತ ಕನಿಷ್ಠ ವೇತನ 2024ರಲ್ಲೇ 15 ದಾಟಿದೆ. ನಿಮ್ಮ ಬೀದಿಯಲ್ಲಿ ಅದರಿಂದ ಬಹುತೇಕ ಯಾರ ಸಂಬಳವೂ ಏರದು.

ಸೆನೆಟ್ಟಿನ ಗಣಿತ ಇನ್ನೊಂದು ಬಲೆ. ಮೇಲ್ಮನೆಯ 100 ಸದಸ್ಯರಲ್ಲಿ ಸಾಮಾನ್ಯ ಮಸೂದೆಯ ಚರ್ಚೆ ಮುಗಿಸಲು 60 ಮತ ಬೇಕು. ರಿಕನ್ಸಿಲಿಯೇಷನ್ ಎಂಬ ಬಜೆಟ್ ದಾರಿಯಲ್ಲಿ ಸರಳ ಬಹುಮತ ಸಾಕು, ಆದರೆ ಅದರೊಳಗೆ ತೆರಿಗೆ-ಖರ್ಚಿನ ವಿಷಯ ಮಾತ್ರ ಹಿಡಿಸುತ್ತದೆ. 2022ರಲ್ಲಿ ಏನಾಯಿತು ನೋಡಿ. ಸರ್ಕಾರಿ ಆರೋಗ್ಯವಿಮೆಯಾದ ಮೆಡಿಕೇರ್ ಇರುವ ಹಿರಿಯರಿಗೆ ಇನ್ಸುಲಿನ್ ತಿಂಗಳಿಗೆ 35 ಡಾಲರ್ ಮೀರಬಾರದೆಂಬ ಮಿತಿ ಈ ದಾರಿಯಲ್ಲಿ ಪಾಸಾಯಿತು. ಅದೇ ಮಿತಿಯನ್ನು ಖಾಸಗಿ ವಿಮೆಗೂ ಹಾಕಲು ಹೊರಟಾಗ ಅದು ಬಜೆಟ್ ವಿಷಯವಲ್ಲ ಎಂದಾಯಿತು, 60 ಬೇಕಾಯಿತು. ಬಂದದ್ದು 57. ನೂರರಲ್ಲಿ 57 ಮತ ಪಡೆದೂ ಸೋತಿತು. ಆದ್ದರಿಂದ ‘ಔಷಧ ಬೆಲೆ ಇಳಿಸುತ್ತೇನೆ’ ಎಂದವರಿಗೆ ಮುಂದಿನ ಪ್ರಶ್ನೆ: 60ರ ದಾರಿಯೋ, 51ರ ದಾರಿಯೋ? ಉತ್ತರ ಬಾರದಿದ್ದರೆ ಆ ಅಭ್ಯರ್ಥಿ ಇನ್ನೂ ಅಷ್ಟು ದೂರ ಯೋಚಿಸಿಲ್ಲ.

ಎಡಿಸನ್ನಿನಲ್ಲಿ ಮನೆ ತೆಗೆದುಕೊಂಡವರಿಗೆ ಹೆಚ್ಚು ಕೇಳಿಬರುವ ಪದ ಸಾಲ್ಟ್, ಅಂದರೆ ರಾಜ್ಯದ ಮತ್ತು ಸ್ಥಳೀಯ ತೆರಿಗೆಯನ್ನು ಕೇಂದ್ರ ತೆರಿಗೆಯ ಲೆಕ್ಕದಲ್ಲಿ ಕಳೆಯುವ ಸೌಲಭ್ಯ. 2017ರ ಕಾಯ್ದೆ ಇದಕ್ಕೆ 10,000 ಡಾಲರಿನ ಮಿತಿ ಹಾಕಿತ್ತು. 2025ರ ಜುಲೈ 4ರಂದು ಸಹಿಯಾದ ದೊಡ್ಡ ತೆರಿಗೆ ಕಾಯ್ದೆ ಅದನ್ನು 40,000ಕ್ಕೆ ಏರಿಸಿತು. ವರ್ಷಾದಾಯ 5 ಲಕ್ಷ ಡಾಲರ್ ಮೀರಿದವರಿಗೆ ಮಿತಿ ಮತ್ತೆ ಕುಗ್ಗುತ್ತಾ ಬರುತ್ತದೆ, 2030ಕ್ಕೆ ಎಲ್ಲರಿಗೂ 10,000ಕ್ಕೆ ಮರಳುತ್ತದೆ. ಕರಪತ್ರದಲ್ಲಿ ಇದು ‘30,000 ಡಾಲರ್ ಪರಿಹಾರ’ ಆಗಿಬಿಡುತ್ತದೆ. ಲೆಕ್ಕ ಹಾಕಿ: ಗಂಡ-ಹೆಂಡತಿ ಒಟ್ಟಿಗೆ ತೆರಿಗೆ ಸಲ್ಲಿಸುವ ಒಂದು ಮನೆ, ಆಸ್ತಿ ತೆರಿಗೆ 12,000, ರಾಜ್ಯದ ಆದಾಯ ತೆರಿಗೆ 9,000, ಗೃಹಸಾಲದ ಬಡ್ಡಿ 18,000. ಹಳೆಯ ಮಿತಿಯಲ್ಲಿ ಕಳೆಯಬಹುದಾದದ್ದು 10,000 ಮತ್ತು 18,000, ಒಟ್ಟು 28,000. ಏನೂ ತೋರಿಸದೆಯೇ 2025ಕ್ಕೆ ದಂಪತಿಗೆ ಸಿಗುವ ಕಡಿತ 31,500, ಹಾಗಾಗಿ ಆ 28,000 ವ್ಯರ್ಥ. ಹೊಸ ಮಿತಿಯಲ್ಲಿ 21,000 ಮತ್ತು 18,000 ಸೇರಿ 39,000. ಲಾಭವಾದದ್ದು 31,500ರ ಮೇಲಿನ 7,500 ಮಾತ್ರ. 22 ಶೇಕಡದ ಹಂತದಲ್ಲಿದ್ದರೆ ಕೈಗೆ ಬರುವುದು 1,650 ಡಾಲರ್. ಸಣ್ಣದೇನಲ್ಲ, ಆದರೆ 30,000 ಅಲ್ಲ. ಬಾಡಿಗೆ ಮನೆಯಲ್ಲಿರುವ ಬಹುತೇಕರಿಗೆ ಸೊನ್ನೆ.

ಸಾಲ್ಟ್ ಮಿತಿ ಏರಿದ ಬಗೆಯಲ್ಲಿ ಒಂದು ಪಾಠವೂ ಇದೆ. ನ್ಯೂಯಾರ್ಕ್, ನ್ಯೂಜೆರ್ಸಿ, ಕ್ಯಾಲಿಫೋರ್ನಿಯದ ಕೆಲವೇ ರಿಪಬ್ಲಿಕನ್ ಸದಸ್ಯರು ‘ಇದಿಲ್ಲದಿದ್ದರೆ ಮತವಿಲ್ಲ’ ಎಂದು ಕೂತರು. 2025ರ ಮೇ 22ರಂದು ಮಸೂದೆ ಕೆಳಮನೆ ದಾಟಿದ್ದು 215-214ರಲ್ಲಿ. ಅಷ್ಟು ತೆಳು ಬಹುಮತದಲ್ಲಿ ಮೂರು ಜನ ಸತಾಯಿಸಿದರೂ ಕೆಲಸ ಆಗುತ್ತದೆ. ನಿಮ್ಮ ಅಭ್ಯರ್ಥಿ ಯಾವುದಕ್ಕಾಗಿ ಹಾಗೆ ಕೂರುವರು ಎಂದು ತಿಳಿದರೆ ಅವರ ಆದ್ಯತೆ ತಿಳಿದ ಹಾಗೆ. ನನ್ನ ಮಟ್ಟಿಗೆ ಉಳಿದೆಲ್ಲ ಪ್ರಶ್ನೆಗಿಂತ ಇದೇ ಹೆಚ್ಚು ಬೆಲೆಯುಳ್ಳದ್ದು.

ಅದೇ ಮಸೂದೆಯಲ್ಲಿ ಊರಿಗೆ ಹಣ ಕಳಿಸುವವರನ್ನು ಮುಟ್ಟುವ ತೆರಿಗೆಯೂ ಇತ್ತು. ಸಮಿತಿಗೆ ಬಂದಾಗ 5 ಶೇಕಡ, ಕೆಳಮನೆ ದಾಟಿದಾಗ 3.5, ಪೌರರಿಗೆ ವಿನಾಯಿತಿ, ಗ್ರೀನ್ ಕಾರ್ಡ್ ಮತ್ತು ಎಚ್‌-1ಬಿಯವರಿಗೆ ಇಲ್ಲ. ಸೆನೆಟ್ಟಿನಲ್ಲಿ ಅದು 1 ಶೇಕಡಕ್ಕೆ ಇಳಿದು, ನಗದು, ಮನಿ ಆರ್ಡರ್, ಕ್ಯಾಷಿಯರ್ ಚೆಕ್ ಕೊಟ್ಟು ಕಳಿಸುವವರಿಗೆ ಮಾತ್ರ ಎಂದಾಯಿತು. 2026ರ ಜನವರಿ 1ರಿಂದ ಜಾರಿಯಲ್ಲಿದೆ. ಅಮೆರಿಕದ ಬ್ಯಾಂಕ್ ಖಾತೆಯಿಂದ ಕಳಿಸಿದರೆ ಈ ತೆರಿಗೆ ಇಲ್ಲ. ಈಗ ‘ವಲಸಿಗರ ಮೇಲಿನ ತೆರಿಗೆ ಇಳಿಸಿದ್ದು ನಾವು’ ಎನ್ನುವ ಸದಸ್ಯರು ಮೇ 22ರಂದು 3.5 ಇದ್ದ ಮಸೂದೆಗೆ ಹೌದೆಂದಿದ್ದರೇ ಎಂದು ನೋಡಿ. ಅಂತಿಮ ಮತ ಜುಲೈ 3ರದು. ಎರಡನ್ನೂ ಬೇರೆ ಬೇರೆ ನೋಡಬೇಕು.

ಕಾಫಿಯ ಉದಾಹರಣೆಯೂ ಹೀಗೇ. ಭಾರತದ ಕಾಫಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನದ್ದು, ಹಾಗಾಗಿ ಸುಂಕದ ಸುದ್ದಿ ಅಲ್ಲಿಗೂ ಮುಟ್ಟಿತ್ತು. 2025ರ ಸೆಪ್ಟೆಂಬರಿನಲ್ಲಿ ಡೆಮಾಕ್ರಟಿಕ್ ಪಕ್ಷದ ರೋ ಖನ್ನಾ, ರಿಪಬ್ಲಿಕನ್ ಪಕ್ಷದ ಡಾನ್ ಬೇಕನ್ ಒಟ್ಟಾಗಿ ಕಾಫಿಯನ್ನು ಸುಂಕದಿಂದ ಬಿಡಿಸುವ ಮಸೂದೆ ಮಂಡಿಸಿದರು. ನವೆಂಬರಿನಲ್ಲಿ ಕಾಫಿ, ಚಹಾ, ಬಾಳೆಹಣ್ಣು, ಸಾಂಬಾರ ಪದಾರ್ಥಗಳಂಥವಕ್ಕೆ ಪ್ರತಿಸುಂಕದಿಂದ ವಿನಾಯಿತಿ ಸಿಕ್ಕಿದ್ದು ಅಧ್ಯಕ್ಷರ ಆದೇಶದಿಂದ, ಆ ಮಸೂದೆಯಿಂದಲ್ಲ. ಮಸೂದೆ ಮಂಡಿಸಿದ್ದು ನಿಲುವು, ನಿಜ. ಫಲ ಬೇರೆ ಬಾಗಿಲಿನಿಂದ ಬಂತು. ಪ್ರಚಾರದಲ್ಲಿ ಎರಡನ್ನೂ ಬೆರೆಸುತ್ತಾರೆ, ನೀವು ಬೇರ್ಪಡಿಸಿಕೊಳ್ಳಿ.

ಸರ್ಕಾರದ ಮೇಲಿನ ನಿಗಾ ವಿಷಯದಲ್ಲಿ ಒಂದು ಸೂತ್ರ: ಕೊನೆಯ ಮತ ಏನೂ ಹೇಳುವುದಿಲ್ಲ. 2025ರ ನವೆಂಬರ್ 18ರಂದು ಲೈಂಗಿಕ ಅಪರಾಧಿ ಜೆಫ್ರಿ ಎಪ್‌ಸ್ಟೀನ್ ಕಡತಗಳನ್ನು ಬಹಿರಂಗಪಡಿಸುವ ಮಸೂದೆ 427-1ರಲ್ಲಿ ಪಾಸಾಯಿತು. ಆ ಪಟ್ಟಿ ನೋಡಿದರೆ ಎಲ್ಲರೂ ಪಾರದರ್ಶಕತೆಯ ಭಕ್ತರೇ. ಆದರೆ ನಾಯಕರು ತಡೆಹಿಡಿದ ಮಸೂದೆಯನ್ನು ಮತಕ್ಕೆ ಎಳೆದು ತರಲು ಡಿಸ್ಚಾರ್ಜ್ ಪಿಟಿಷನ್ ಎಂಬ ಅರ್ಜಿಗೆ 218 ಸಹಿ ಬೇಕು. ಆ ಸಹಿ ಬಿದ್ದದ್ದು ಸರಿಯಾಗಿ 218, ಕೊನೆಯದು ನವೆಂಬರ್ 12ರಂದು ಆಗಷ್ಟೇ ಪ್ರಮಾಣವಚನ ಮುಗಿಸಿದ ಸದಸ್ಯೆಯದು. ರಿಪಬ್ಲಿಕನ್ ಪಕ್ಷದಿಂದ ಸಹಿ ಹಾಕಿದವರು ನಾಲ್ವರು ಮಾತ್ರ. ಉಳಿದ ಇನ್ನೂರಕ್ಕೂ ಹೆಚ್ಚು ಮಂದಿ ಗಾಳಿ ತಿರುಗಿದ ಮೇಲೆ ಬಂದವರು. ಸಹಿ ಮಾಡಿದವರ ಹೆಸರೂ ಕ್ಲರ್ಕ್ ತಾಣದಲ್ಲಿ ದಿನಾಂಕಸಮೇತ ಇದೆ. ನೀವು ನೋಡಬೇಕಾದ್ದು ಆ ಪಟ್ಟಿ.

‘ಗೆದ್ದ ಮೊದಲ ದಿನವೇ ಸಮನ್ಸ್ ಕಳಿಸುತ್ತೇನೆ’ ಎನ್ನುವವರನ್ನು ನಗುತ್ತಾ ಬಿಟ್ಟುಬಿಡಿ. ಸಮನ್ಸ್ ಹೊರಡುವುದು ಸಮಿತಿಯ ಹೆಸರಲ್ಲಿ, ಬಹುತೇಕ ಅದರ ಅಧ್ಯಕ್ಷರ ಕೈಯಿಂದ. ಆ ಹುದ್ದೆ ಬಹುಮತದ ಪಕ್ಷದ್ದು. ಅಲ್ಪಮತದವರಿಗೆ ಪತ್ರ ಬರೆಯುವುದು, ಸರ್ಕಾರದ ಲೆಕ್ಕಪರಿಶೋಧನೆಯ ಜಿಎಒ ಸಂಸ್ಥೆಯಿಂದ ವರದಿ ಕೇಳುವುದು ಉಳಿಯುತ್ತದೆ. 1928ರ ಒಂದು ಕಾಯ್ದೆಯಂತೆ ಮೇಲುಸ್ತುವಾರಿ ಸಮಿತಿಯ ಏಳು ಸದಸ್ಯರು ಸೇರಿ ಇಲಾಖೆಗಳಿಂದ ಮಾಹಿತಿ ಕೇಳಬಹುದು. ಈ ಏಳರ ಕಾಯ್ದೆ ಗೊತ್ತಿರುವ ಹೊಸ ಅಭ್ಯರ್ಥಿ ಸಿಕ್ಕರೆ ಗಮನವಿಟ್ಟು ಕೇಳಿ, ಮನೆಪಾಠ ಮಾಡಿ ಬಂದವರು.

ಇಲ್ಲಿ ಎರಡು ನಿಖರ ಪ್ರಶ್ನೆ ಸಾಕು. ಒಂದು, ಇಲಾಖೆಗಳ ಒಳಗಿನ ಕಾವಲುಗಾರರಾದ ಇನ್‌ಸ್ಪೆಕ್ಟರ್ ಜನರಲ್‌ಗಳನ್ನು ತೆಗೆಯುವ 30 ದಿನ ಮೊದಲು ಕಾರಣಸಹಿತ ಕಾಂಗ್ರೆಸ್ಸಿಗೆ ತಿಳಿಸಬೇಕೆಂದು ಕಾಯ್ದೆ ಹೇಳುತ್ತದೆ. 2025ರ ಜನವರಿಯಲ್ಲಿ ಹನ್ನೆರಡಕ್ಕೂ ಹೆಚ್ಚು ಮಂದಿಯನ್ನು ಒಂದೇ ರಾತ್ರಿ ತೆಗೆದಾಗ ಆ ನೋಟಿಸ್ ಹೋಗಿರಲಿಲ್ಲ. ಇದಕ್ಕೆ ಏನು ಮಾಡುತ್ತೀರಿ? ಎರಡು, ಕಾಂಗ್ರೆಸ್ ಮಂಜೂರು ಮಾಡಿದ ಹಣವನ್ನು ಅಧ್ಯಕ್ಷರು ಖರ್ಚು ಮಾಡದೆ ತಡೆಹಿಡಿದರೆ? 1974ರ ಕಾಯ್ದೆ ಅದಕ್ಕೆ 45 ದಿನದ ಗಡುವು ಇಟ್ಟಿದೆ. 2025ರ ಆಗಸ್ಟ್ ಕೊನೆಯಲ್ಲಿ 4.9 ಬಿಲಿಯನ್ ಡಾಲರ್ ವಿದೇಶಿ ನೆರವನ್ನು ತಡೆದಾಗ ಆರ್ಥಿಕ ವರ್ಷ ಮುಗಿಯಲು 45 ದಿನವೂ ಉಳಿದಿರಲಿಲ್ಲ, ಗಡುವಿನೊಳಗೇ ಹಣದ ಅವಧಿ ತೀರಿತು. ಎರಡೂ ಪಕ್ಷದ ಅಭ್ಯರ್ಥಿಗಳಿಗೆ ಪ್ರಶ್ನೆಯ ಬಾಲ ಒಂದೇ ಇರಲಿ: ‘ನಿಮ್ಮವರೇ ಶ್ವೇತಭವನದಲ್ಲಿದ್ದಾಗ?’

ಅಭ್ಯರ್ಥಿಯ ಸ್ವಂತ ಲೆಕ್ಕವನ್ನೂ ನೋಡಿ. 5,000 ಡಾಲರಿಗಿಂತ ಹೆಚ್ಚು ಸಂಗ್ರಹಿಸಿದ ಅಥವಾ ಖರ್ಚು ಮಾಡಿದ ಕೆಳಮನೆಯ ಅಭ್ಯರ್ಥಿ ಆಸ್ತಿ-ಸಾಲದ ವಿವರ ಸಲ್ಲಿಸಬೇಕು. ಹಾಲಿ ಸದಸ್ಯರು ಷೇರು ಕೊಂಡರೆ, ಮಾರಿದರೆ 2012ರ ಸ್ಟಾಕ್ ಆಕ್ಟ್ ಪ್ರಕಾರ 45 ದಿನದೊಳಗೆ ತಿಳಿಸಬೇಕು. ತಡವಾದರೆ ದಂಡ 200 ಡಾಲರ್. ದಂಡ ನೋಡಿ ಹೆದರುವವರು ಯಾರೂ ಇಲ್ಲ, ಆದರೆ ಪದೇ ಪದೇ ತಡ ಮಾಡಿದವರು ಪಾರದರ್ಶಕತೆಯ ಬಗ್ಗೆ ಭಾಷಣ ಮಾಡುವಾಗ ನಿಮಗೆ ಒಂದು ಪ್ರಶ್ನೆ ಸಿಗುತ್ತದೆ.

ವಿದೇಶಾಂಗ ನೀತಿಯಲ್ಲಿ ಕೆಳಮನೆಗೆ ಒಪ್ಪಂದಗಳ ಅನುಮೋದನೆ ಇಲ್ಲ, ರಾಯಭಾರಿಗಳ ನೇಮಕವೂ ಇಲ್ಲ. ಎರಡೂ ಸೆನೆಟ್ಟಿನವು. ಹಣ, ಯುದ್ಧದ ಅನುಮತಿ, ವ್ಯಾಪಾರದ ಕಾಯ್ದೆಗಳಲ್ಲಿ ಪಾಲಿದೆ. 1973ರ ಯುದ್ಧಾಧಿಕಾರ ಕಾಯ್ದೆಯಂತೆ ಅಧ್ಯಕ್ಷರು ಸೇನೆ ಇಳಿಸಿದ 48 ಗಂಟೆಯಲ್ಲಿ ಕಾಂಗ್ರೆಸ್ಸಿಗೆ ವರದಿ ಕೊಡಬೇಕು. ಅನುಮತಿ ಸಿಗದಿದ್ದರೆ 60 ದಿನಕ್ಕೆ ನಿಲ್ಲಿಸಬೇಕು, ವಾಪಸಾಗಲು ಇನ್ನೂ 30 ದಿನ. ‘ಯುದ್ಧ ಬೇಡ’ ಎಂಬ ಮಾತಿಗೆ ಒರೆಗಲ್ಲು 2001ರ ಸೇನಾಬಲ ಬಳಕೆಯ ಅನುಮತಿ. ಸೆಪ್ಟೆಂಬರ್ 11ರ ದಾಳಿಯ ಬೆನ್ನಿಗೇ ಕೆಳಮನೆಯಲ್ಲಿ 420-1ರಲ್ಲಿ ಪಾಸಾದದ್ದು. ಆ ಒಂದು ಬಾರ್ಬರಾ ಲೀ ಅವರದು. ದಾಳಿ ಮಾಡಿದವರ ವಿರುದ್ಧವೆಂದು ಬರೆದ ಆ ಚಿಕ್ಕ ಪ್ಯಾರಾ ಆಮೇಲೆ ಒಬ್ಬರಾದ ಮೇಲೊಬ್ಬರು ಅಧ್ಯಕ್ಷರಿಗೆ ಎಷ್ಟೋ ದೇಶಗಳಲ್ಲಿ ಆಧಾರವಾಯಿತು. ‘ಅದನ್ನು ರದ್ದು ಮಾಡಲು ಮತ ಹಾಕುತ್ತೀರಾ, ಬದಲಿಗೆ ಏನು ತರುತ್ತೀರಿ?’ ಎಂದರೆ ಉತ್ತರ ಹೌದು-ಇಲ್ಲದಲ್ಲಿ ಬರಲೇಬೇಕು.

ಭಾರತದ ಸ್ನೇಹದ ಮಾತಿಗೆ ಮಸೂದೆಯ ಅಂಕಿಯ ಮುಂದಿನ ಅಕ್ಷರ ನೋಡಿ. ಎಚ್.ಆರ್. ಅಥವಾ ಎಚ್.ಜೆ.ರೆಸ್. ಆದರೆ ಅದು ಕಾನೂನಾಗಬಲ್ಲದು. ಬರೀ ಎಚ್.ರೆಸ್. ಆದರೆ ಸದನದ ಒಳಗಿನ ನಿಯಮ ಅಥವಾ ಅಭಿಪ್ರಾಯ, ಹೊರಗೆ ಅದಕ್ಕೆ ಬಲವಿಲ್ಲ. ಹಬ್ಬದ ಶುಭಾಶಯಗಳೆಲ್ಲ ಈ ಗುಂಪಿನವು. 2008ರ ಭಾರತ-ಅಮೆರಿಕ ಅಣು ಒಪ್ಪಂದಕ್ಕೆ ಕೆಳಮನೆಯಲ್ಲಿ 298-117, ಸೆನೆಟ್ಟಿನಲ್ಲಿ 86-13 ಮತ ಬಿದ್ದು ಅದು ಕಾನೂನಾಯಿತು. 2022ರ ಜುಲೈಯಲ್ಲಿ, ರಷ್ಯಾದಿಂದ ಎಸ್‌-400 ಕ್ಷಿಪಣಿ ವ್ಯವಸ್ಥೆ ಕೊಂಡ ಭಾರತಕ್ಕೆ ನಿರ್ಬಂಧದಿಂದ ವಿನಾಯಿತಿ ಕೊಡಬೇಕೆಂಬ ತಿದ್ದುಪಡಿ ಕೆಳಮನೆಯಲ್ಲಿ ಇತರ ತಿದ್ದುಪಡಿಗಳ ಕಟ್ಟಿನೊಳಗೆ 330-99ರಲ್ಲಿ ಪಾಸಾಯಿತು. ಇಲ್ಲಿನ ಭಾರತೀಯ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ. ಅಂತಿಮ ರಕ್ಷಣಾ ಕಾಯ್ದೆಯಲ್ಲಿ ಅದು ಉಳಿಯಲಿಲ್ಲ. ಕಟ್ಟಿನಲ್ಲಿ ಹೌದೆಂದವರೆಲ್ಲ ‘ಭಾರತಕ್ಕೆ ಮತ ಹಾಕಿದೆ’ ಎನ್ನಬಹುದು, ಏನೂ ಖರ್ಚಾಗಿಲ್ಲವಲ್ಲ.

ಹೆಸರು ನಮ್ಮ ಕಡೆಯದೆಂದು ನಿಲುವೂ ನಮ್ಮದೆಂದು ಎಣಿಸಬೇಡಿ. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರಲ್ಲಿ ಗೆದ್ದದ್ದು ಡೆಟ್ರಾಯಿಟ್ ಭಾಗದ ಕ್ಷೇತ್ರದಿಂದ. ಅವರು ಉತ್ತರ ಕೊಡಬೇಕಾದ್ದು ಅಲ್ಲಿನ ಮತದಾರರಿಗೆ, ಬೆಳಗಾವಿಗಲ್ಲ.

ಎಲ್ಲಿ ಹುಡುಕುವುದು? ಮಸೂದೆ, ಸಹಿ, ಸಮಿತಿಗೆ ಕಾಂಗ್ರೆಸ್ ಡಾಟ್ ಗವ್. ಮತಗಳಿಗೆ ಕ್ಲರ್ಕ್ ತಾಣ. ಹಣಕ್ಕೆ ಕೇಂದ್ರ ಚುನಾವಣಾ ಆಯೋಗದ ಎಫ್ಇಸಿ ಡಾಟ್ ಗವ್. 200 ಡಾಲರ್ ಮೀರಿ ಕೊಟ್ಟವರ ಹೆಸರು, ಕೆಲಸ, ಕಂಪನಿ ಅಲ್ಲಿ ಕಾಣುತ್ತದೆ. ಕರಪತ್ರದ ಅಡಿಯಲ್ಲಿ ಸಣ್ಣಕ್ಷರದಲ್ಲಿ ‘ಯಾವ ಅಭ್ಯರ್ಥಿಯ ಅನುಮತಿಯಿಂದಲೂ ಅಲ್ಲ’ ಎಂದಿದ್ದರೆ ಅದು ಹೊರಗಿನ ಗುಂಪಿನದು, ಅದನ್ನು ಅಭ್ಯರ್ಥಿಯ ನಿಲುವೆಂದು ಓದಬೇಡಿ. ದಾಖಲೆಯೇ ಇಲ್ಲದ ಹೊಸಬರಿಗೆ ಟೌನ್ ಕೌನ್ಸಿಲ್ಲಿನಲ್ಲೋ ಶಾಲಾ ಮಂಡಳಿಯಲ್ಲೋ ಇದ್ದಾಗಿನ ನಡಾವಳಿ ನೋಡಿ, ಇಲ್ಲದಿದ್ದರೆ ಮೇಲಿನ ಪ್ರಶ್ನೆಗಳನ್ನು ಬರೆದು ಕಳಿಸಿ ಲಿಖಿತ ಉತ್ತರ ಕೇಳಿ. ನ್ಯೂಜೆರ್ಸಿಯಲ್ಲಿ ಪ್ರೈಮರಿ ಆಯಾ ಪಕ್ಷದವರಿಗೆ ಮಾತ್ರ. ಯಾವ ಪಕ್ಷಕ್ಕೂ ಸೇರದೆ ನೋಂದಾಯಿಸಿದ್ದರೆ ಅಂದೇ ಮತಗಟ್ಟೆಯಲ್ಲಿ ಒಂದನ್ನು ಆರಿಸಿಕೊಳ್ಳಬಹುದು; ಆಗಲೇ ಒಂದು ಪಕ್ಷದಲ್ಲಿದ್ದು ಬದಲಾಯಿಸುವುದಾದರೆ 55 ದಿನ ಮೊದಲೇ ಅರ್ಜಿ ಕೊಡಬೇಕು.

ಇನ್ನು ತಮ್ಮನ ನೂರು ಡಾಲರ್. ಪೌರರು ಮತ್ತು ಗ್ರೀನ್ ಕಾರ್ಡ್ ಇರುವವರು ಮಾತ್ರ ದೇಣಿಗೆ ಕೊಡಬಹುದು. 2025-26ರ ಚುನಾವಣಾ ಅವಧಿಯಲ್ಲಿ ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಗೆ ಮಿತಿ 3,500 ಡಾಲರ್, ಪ್ರೈಮರಿ ಒಂದು, ನವೆಂಬರಿನದು ಇನ್ನೊಂದು. ಎಚ್‌-1ಬಿಯವರು ಒಂದು ಡಾಲರನ್ನೂ ಕೊಡುವಂತಿಲ್ಲ. ಅವನ ಹಣವನ್ನು ನೀವು ಪಡೆದು ನಿಮ್ಮ ಹೆಸರಿನಲ್ಲಿ ಕೊಟ್ಟರೆ ಅದು ಇನ್ನೊಬ್ಬರ ಹೆಸರಿನ ದೇಣಿಗೆ, ಪ್ರತ್ಯೇಕ ಅಪರಾಧ. ಈಗಾಗಲೇ ಕಳಿಸಿಬಿಟ್ಟಿದ್ದರೆ ಪ್ರಚಾರದ ಖಜಾಂಚಿಗೆ ಬರೆದು ವಾಪಸು ಕೇಳಲಿ. ಸಂಬಳವಿಲ್ಲದೆ ಮನೆಮನೆಗೆ ಹೋಗುವುದು, ಫೋನ್ ಮಾಡುವುದಕ್ಕೆ ಅಡ್ಡಿಯಿಲ್ಲ, ಪ್ರಚಾರದ ಹಣ ಎಲ್ಲಿ ಹೇಗೆ ಖರ್ಚಾಗಬೇಕೆಂಬ ತೀರ್ಮಾನದಲ್ಲಿ ಮಾತ್ರ ಪಾಲ್ಗೊಳ್ಳಬಾರದು. ಗ್ರೀನ್ ಕಾರ್ಡ್ ಇರುವ ಬಂಧುಗಳಿದ್ದರೆ ಅವರಿಗೂ ಹೇಳಿ: ದೇಣಿಗೆ ಕೊಡಬಹುದು, ಮತ ಹಾಕುವಂತಿಲ್ಲ. ವಾಹನ ಪರವಾನಗಿ ಕಚೇರಿಯಲ್ಲಿ ಮತದಾರರ ನೋಂದಣಿಯ ಪ್ರಶ್ನೆ ಬಂದರೆ ಬೇಡ ಎನ್ನಬೇಕು. ಅಲ್ಲಿ ಕಣ್ತಪ್ಪಿ ಹಾಕಿದ ಒಂದು ಟಿಕ್ ಮುಂದೆ ಪೌರತ್ವದ ಅರ್ಜಿಗೆ ತೊಡಕಾಗುತ್ತದೆ.